ಜರೀಗಿಡದ ಹೆಸರು ಬೇಕಾದ್ರೆ ತೊಟ್ಟಿನ ಬುಡ ನೋಡಿ

ಓದುಗರ ಪ್ರಶ್ನೆ: "ಜರೀಗಿಡದ ಫೋಟೋ ಎಷ್ಟು ಚೆನ್ನಾಗಿ ತೆಗ್ದು ತೋರಿಸಿದ್ರೂ ಇದೇ ಜಾತಿ ಅಂತ ಯಾರೂ ಖಚಿತವಾಗಿ ಹೇಳಲ್ಲ. ನಂಗೂ ಎಲ್ಲಾ ಒಂದೇ ಥರ ಕಾಣುತ್ತೆ. ಎಲೆ ನೋಡಿ ಗುರುತಿಸೋದು ಹೇಗೆ?"

ಮೇಲಿಂದ ತೆಗ್ದ ಫೋಟೋ ಆದ್ರೆ ಎಷ್ಟೋ ಸಲ ತಿಳಿದವರಿಗೂ ಹೇಳೋಕಾಗಲ್ಲ, ಅದ್ರಲ್ಲಿ ನಿಮ್ಮ ತಪ್ಪೇನಿಲ್ಲ. ಪ್ರಪಂಚದಲ್ಲಿ ಸುಮಾರು 10,500 ಜಾತಿ ಜರೀಗಿಡ ಇವೆ, ಹೂವಿಲ್ಲ ಕಾಯಿಲ್ಲ, ಗರಿ ಥರ ಸೀಳಿರೋ ಎಲೆ ದೂರದ ನೆಂಟಸ್ತಿಕೆಯ ಗುಂಪುಗಳಲ್ಲೂ ಬರುತ್ತೆ, ಅದು ಸಾಲದು ಅಂತ ಒಂದೇ ಜಾತಿಯ ಎಳೆ ಗಿಡದ ಗರಿ, ಅಂದ್ರೆ ತೊಟ್ಟು ಸಮೇತ ಇಡೀ ಎಲೆ, ಕಡಿಮೆ ಸೀಳಿರುತ್ತೆ, ಬೆಳೆದ ಗಿಡದ್ದು ಜಾಸ್ತಿ. ಹಾಗಾಗಿ ಗರಿ ಒಂದು ಸಲ ಸೀಳಿದ್ಯಾ, ಕಿರುಗರಿಗಳೂ ಮತ್ತೆ ಸೀಳಿದ್ಯಾ ಅನ್ನೋದನ್ನ ಬರ್ಕೊಳ್ಳಿ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ.

ನಾನಂತೂ ಮೊದ್ಲು ನೋಡೋದು ತೊಟ್ಟಿನ ಬುಡ. ಗರಿ ನೆಲದಿಂದ ಎದ್ದು ಬರೋ ಜಾಗದಲ್ಲಿ ಕಂದು ಬಣ್ಣದ, ಒಣಗಿದ ಹೊಟ್ಟಿನ ಥರದ ತೆಳು ಹುರುಪೆ ಇರುತ್ತಲ್ಲ, ಸ್ಕೇಲ್ ಅಂತಾರಲ್ಲ, ಅದು. ಹತ್ತು ಪಟ್ಟು ದೊಡ್ಡದು ಮಾಡೋ ಒಂದು ಲೆನ್ಸ್ ಇದ್ರೆ ಸಾಕು. ಒಂದೇ ಒಂದು ಹುರುಪೆ ಚಿಮಟದಲ್ಲಿ ಕಿತ್ತು ಬಿಳಿ ಕಾಗದದ ಮೇಲಿಟ್ಟು ನೋಡಿ, ನಡುವೆ ಗಾಢ ಕಂದು ಪಟ್ಟೆ ಓಡಿ ಎರಡೂ ಅಂಚು ತಿಳಿ ಬಣ್ಣ ಇದ್ರೆ ಅದು ಡ್ರಯೋಪ್ಟೆರಿಸ್ ಡೈಲಟೇಟಾ ಇರಬಹುದು, ಪೂರ್ತಿ ಒಂದೇ ತಿಳಿಗಂದು ಇದ್ರೆ ಅದೇ ಕುಲದ ಕಾರ್ತೂಸಿಯಾನಾ ಕಡೆ ವಾಲುತ್ತೆ. ಇವೆರಡರ ಗರಿ ಪಕ್ಕಪಕ್ಕ ಇಟ್ರೂ ಹೊಸಬರಿಗೆ ವ್ಯತ್ಯಾಸ ಸಿಗೋದು ಕಷ್ಟ, ಆದ್ರೆ ಉಗುರಿಗಿಂತ ಚಿಕ್ಕದಾದ ಆ ಹುರುಪೆ ಥಟ್ಟಂತ ದಾರಿ ತೋರಿಸುತ್ತೆ, ನಂಗೆ ಜರೀಗಿಡದ ಹುಚ್ಚು ಹತ್ತಿದ್ದೇ ಇದನ್ನ ಲೆನ್ಸಲ್ಲಿ ಕಂಡ ದಿನ.

ಹುರುಪೆನೋ ಕೂದಲೋ ಅನ್ನೋದೂ ದೊಡ್ಡ ಸುಳಿವು. ಕೂದಲಲ್ಲಿ ಜೀವಕೋಶಗಳು ಒಂದೇ ಸಾಲಾಗಿ ಇರ್ತವೆ, ಹುರುಪೆ ಚಪ್ಪಟೆ, ಅಗಲಕ್ಕೂ ಹಲವು ಕೋಶ ಇರುತ್ತೆ. ಮರದಷ್ಟು ಎತ್ತರ ಬೆಳೆಯೋ ಜರೀಗಿಡಗಳಲ್ಲಿ ಸಯಾಥಿಯಾ ಕುಟುಂಬಕ್ಕೆ ಹುರುಪೆ ಇರುತ್ತೆ, ಡಿಕ್ಸೋನಿಯಾ ಕುಟುಂಬಕ್ಕೆ ಬರೀ ಕೂದಲು, ದೂರದಿಂದ ಎರಡೂ ಒಂದೇ ಥರ. ಇನ್ನು ಆಸ್ಪ್ಲೀನಿಯಮ್ ಕುಲದ ಹುರುಪೆನ ಬೆಳಕಿಗೆ ಹಿಡಿದು ನೋಡಿ, ಕೋಶದ ಗೋಡೆ ದಪ್ಪ, ಕಪ್ಪು, ನಡುವಿನ ಜಾಗ ಪಾರದರ್ಶಕ, ಥೇಟ್ ಕಿಟಕಿಯ ಜಾಲರಿ. ಇಷ್ಟು ಚೆಂದದ ಗುರುತು ಬರಿಗಣ್ಣಿಗೆ ಕಾಣದೇ ಹೋಗುತ್ತಲ್ಲ ಅಂತ ಬೇಜಾರಾಗುತ್ತೆ.

ವಯಸ್ಸಾದ ಗರಿಯಲ್ಲಿ ಹುರುಪೆ ಉದುರಿ ತೊಟ್ಟು ಬೋಳಾಗಿರುತ್ತೆ, ಅದನ್ನ ನೋಡಿ ಹುರುಪೆನೇ ಇಲ್ಲ ಅಂತ ಬರ್ಕೊಂಡ್ರೆ ಮುಂದೆಲ್ಲ ತಪ್ಪಾಗುತ್ತೆ. ಸುರುಳಿ ಸುತ್ಕೊಂಡಿರೋ ಎಳೆ ಗರಿ ಹುಡುಕಿ, ಇಲ್ಲಾಂದ್ರೆ ಬುಡದ ಮಣ್ಣನ್ನ ಬೆರಳಿಂದ ಸ್ವಲ್ಪ ಸರಿಸಿ ಕಾಂಡದ ತುದಿ ನೋಡಿ. ದಯವಿಟ್ಟು ಗಿಡ ಕೀಳ್ಬೇಡಿ, ಅದ್ರ ಅಗತ್ಯನೇ ಇಲ್ಲ.

ಆಮೇಲೆ ಗರಿ ತಿರುಗಿಸಿ. ಹಿಂಭಾಗದ ಕಂದು ಚುಕ್ಕೆಗಳು ರೋಗ ಅಲ್ಲ, ಬೀಜಕದ ಚೀಲಗಳ ಗುಂಪು, ಬೀಜಕ ಅಂದ್ರೆ ಬೀಜದ ಬದಲು ಜರೀಗಿಡ ಉದುರಿಸೋ ಧೂಳಿನಂಥ ಕಣ, ಸ್ಪೋರ್ ಅಂತಾರಲ್ಲ, ಅದು. ಅದ್ರ ಮೇಲಿನ ತೆಳು ಪೊರೆ ಕಿಡ್ನಿ ಆಕಾರದಲ್ಲಿದ್ರೆ ಡ್ರಯೋಪ್ಟೆರಿಸ್, ನಡುವೆ ಕಾಲಿರೋ ಪುಟ್ಟ ಕೊಡೆ ಥರ ಇದ್ರೆ ಪಾಲಿಸ್ಟಿಕಮ್, ನರದ ಉದ್ದಕ್ಕೂ ಗೆರೆ ಎಳೆದಂಗಿದ್ರೆ ಆಸ್ಪ್ಲೀನಿಯಮ್ ಇರಬಹುದು, ಗೆರೆ ಕೊಕ್ಕೆ ಥರ ಬಾಗಿದ್ರೆ ಅಥೈರಿಯಮ್. ಪಾಲಿಪೋಡಿಯಮ್ಮಿಗೆ ಚುಕ್ಕೆ ದುಂಡಗಿರುತ್ತೆ, ಪೊರೆನೇ ಇಲ್ಲ. ಟೆರಿಸ್ ಕುಲದಲ್ಲಿ ಎಲೆಯ ಅಂಚೇ ಮಡಚಿ ಮುಚ್ಚಳ ಆಗುತ್ತೆ. ಇಲ್ಲೂ ಸಮಯ ಮುಖ್ಯ, ಬೀಜಕ ಬಲಿತ ಮೇಲೆ ಪೊರೆ ಮುದುಡಿ ಉದುರೋದುಂಟು, ಆಗ ಡ್ರಯೋಪ್ಟೆರಿಸ್ಸನ್ನೂ ಪೊರೆ ಇಲ್ಲದ ಗಿಡ ಅಂತ ಅಂದ್ಕೊಂಡ್ಬಿಡ್ತೀವಿ. ಚುಕ್ಕೆ ಇನ್ನೂ ಹಸಿರು ಅಥವಾ ಬಿಳಿಚಾಗಿರೋ ಗರಿ ಸಿಕ್ರೆ ಪೊರೆ ಚೆನ್ನಾಗಿ ಕಾಣುತ್ತೆ.

ಇನ್ನೂ ಡೌಟ್ ಇದ್ರೆ ಒಂದು ಗರಿಯ ತೊಟ್ಟನ್ನ ಅಡ್ಡಕ್ಕೆ ಕತ್ತರಿಸಿ, ಒಳಗೆ ನೀರು ಸಾಗಿಸೋ ನಾಳಗಳ ಕಟ್ಟು ಕಾಣುತ್ತೆ. ಅಥೈರಿಯಮ್ಮಿಗೆ ಬುಡದಲ್ಲಿ ಪಟ್ಟಿ ಥರದ್ದು ಎರಡೇ, ಡ್ರಯೋಪ್ಟೆರಿಸ್ಸಿಗೆ ಸಾಮಾನ್ಯವಾಗಿ ನಾಲ್ಕೈದಕ್ಕೂ ಹೆಚ್ಚು, ಕಮಾನಾಗಿ ಜೋಡಿಸಿಟ್ಟಂಗಿರುತ್ತೆ.

ಹಾಗಾಗಿ ಮುಂದಿನ ಸಲ ಇಡೀ ಗರಿಯದ್ದು ಒಂದು, ಚುಕ್ಕೆ ಇರೋ ಹಿಂಭಾಗದ್ದು ಹತ್ರದಿಂದ ಒಂದು, ತೊಟ್ಟಿನ ಬುಡದ್ದು ಒಂದು, ಬಿಳಿ ಕಾಗದದ ಮೇಲಿನ ಹುರುಪೆದು ಲೆನ್ಸನ್ನ ಫೋನ್ ಕ್ಯಾಮೆರಾಗೆ ಒತ್ತಿ ಹಿಡಿದು ಒಂದು, ಹೀಗೆ ನಾಲ್ಕು ಫೋಟೋ ತೆಗೀರಿ. ನಾಲ್ಕರಲ್ಲಿ ಒಂದನ್ನ ಬಿಡಲೇಬೇಕು ಅಂದ್ರೆ ಇಡೀ ಗರಿಯದ್ದನ್ನ ಬಿಡಿ.