ಕೊಲಂಬಿಯಾ ನದಿಯ ಜಲ್ಲಿ ಹಾಸಿನಲ್ಲಿ ಗಾಳಿ ಹೆಚ್ಚಾದ ನೀರು

ಅಮೆರಿಕದ ವಾಯವ್ಯ ಭಾಗದಲ್ಲಿ ಹರಿಯುವ ಕೊಲಂಬಿಯಾ ನದಿಗೆ 1930ರ ದಶಕದಲ್ಲಿ ಕಟ್ಟಿದ ಬಾನವಿಲ್ ಅಣೆಕಟ್ಟಿನಿಂದ ಸ್ವಲ್ಪ ಕೆಳಗೆ, ಐವ್ಸ್ ದ್ವೀಪದ ಸುತ್ತ, ಆಳವಿಲ್ಲದ ಜಲ್ಲಿ ಹಾಸೊಂದಿದೆ. ನವೆಂಬರ್ ಬಂತೆಂದರೆ ಸಮುದ್ರದಿಂದ ಮೇಲೇರಿ ಬರುವ ಚಮ್ ಸಾಲ್ಮನ್ ಮೀನುಗಳು ಬಾಲದಿಂದ ಜಲ್ಲಿ ತೋಡಿ ಇಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಹೊಟ್ಟೆಗಂಟಿದ ಹಳದಿ ಚೀಲದ ಆಹಾರವನ್ನೇ ಉಂಡುಕೊಂಡು ವಸಂತದವರೆಗೆ ಕಲ್ಲಿನ ಸಂದಿಗಳಲ್ಲೇ ಉಳಿಯುತ್ತವೆ.

ಅಣೆಕಟ್ಟಿನ ಗೇಟುಗಳಿಂದ ಧುಮುಕುವ ನೀರು ತನ್ನೊಂದಿಗೆ ಗಾಳಿಯ ಗುಳ್ಳೆಗಳನ್ನು ಆಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿನ ಒತ್ತಡಕ್ಕೆ ಸಾರಜನಕವೂ ಆಮ್ಲಜನಕವೂ ಸಹಜ ಮಿತಿಯನ್ನು ಮೀರಿ ನೀರಿನಲ್ಲಿ ಕರಗುತ್ತವೆ. ಆ ನೀರನ್ನು ಉಸಿರಾಡಿದ ಮೀನಿನ ರಕ್ತದಲ್ಲಿ, ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವಂತೆ, ಅನಿಲವು ಗುಳ್ಳೆಗಳಾಗಿ ಹೊರಬರುತ್ತದೆ. ರೆಕ್ಕೆಯ ಎಳೆಗಳ ನಡುವೆ ಸಾಲುಗುಳ್ಳೆಗಳು ಕಾಣಿಸಿಕೊಳ್ಳುತ್ತವೆ, ಕಣ್ಣು ಉಬ್ಬುತ್ತದೆ, ಕಿವಿರಿನ ನಾಳಗಳು ಕಟ್ಟಿಕೊಳ್ಳುತ್ತವೆ.

1960ರ ದಶಕದ ಮಧ್ಯದಲ್ಲಿ ಮೀನುಗಾರಿಕೆ ವಿಜ್ಞಾನಿಗಳು ಇದನ್ನು ಅಳೆಯತೊಡಗಿದ್ದರೂ, 1968ರಲ್ಲಿ ಇದೇ ನದಿಯ ಜಾನ್ ಡೇ ಅಣೆಕಟ್ಟಿನ ಜಲಾಶಯ ತುಂಬಿ, ಟರ್ಬೈನುಗಳು ಸಿದ್ಧವಾಗುವ ಮೊದಲೇ ನದಿಯ ನೀರೆಲ್ಲ ಗೇಟುಗಳ ಮೂಲಕ ಧುಮುಕಿ ಮೀನುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತ ಮೇಲೆಯೇ ಅದರ ಗಂಭೀರತೆ ಎಲ್ಲರಿಗೂ ಮನದಟ್ಟಾಯಿತು. ಮುಂದಿನ ದಶಕದಲ್ಲಿ ನೀರಿನಲ್ಲಿ ಸಹಜವಾಗಿ ಕರಗಿ ನಿಲ್ಲುವಷ್ಟು ಅನಿಲವನ್ನು ಶೇ 100 ಎಂದು ಲೆಕ್ಕ ಹಿಡಿದು, ಅನಿಲದ ಪ್ರಮಾಣಕ್ಕೆ ಶೇ 110ರ ಮಿತಿ ಬಂತು; ನೀರು ಆಳಕ್ಕೆ ಬೀಳದೆ ಮೇಲ್ಮೈಯಲ್ಲೇ ಜಾರಿಹೋಗುವಂತೆ ಗೇಟುಗಳ ಕೆಳಗೆ ಕಾಂಕ್ರೀಟಿನ ತುಟಿಗಳನ್ನು ಕಟ್ಟಲಾಯಿತು.

ತೊಡಕು ಅಲ್ಲಿಗೇ ತೀರಲಿಲ್ಲ. ಸಮುದ್ರದತ್ತ ಹೊರಟ ಮರಿಮೀನುಗಳು ಟರ್ಬೈನಿಗೆ ಸಿಕ್ಕದಂತೆ ಉಳಿಸಲು ಗೇಟು ತೆರೆಯಲೇಬೇಕು. ಅದಕ್ಕಾಗಿ ಅಣೆಕಟ್ಟಿನ ಕೆಳಭಾಗದಲ್ಲಿ ಮಿತಿಯನ್ನು ಶೇ 120ಕ್ಕೂ, 2020ರಿಂದ ವಸಂತದಲ್ಲಿ ಶೇ 125ಕ್ಕೂ ಸಡಿಲಿಸಲಾಗಿದೆ. ಹೊರಟ ಮರಿಗೆ ನೆರವಾಗುವ ಈ ನೀರೇ ಇನ್ನೂ ಹೊರಡದ ಮರಿಗೆ ಅಪಾಯ ತರಬಹುದು.

ನನ್ನ ದೃಷ್ಟಿಯಲ್ಲಿ ಇಲ್ಲಿ ನೋಡಬೇಕಾದದ್ದು ಶೇಕಡಾವಾರು ಅಂಕಿಗಿಂತ ಮೊದಲು ಆಳವನ್ನು. ಒಂದು ಮೀಟರ್ ಆಳ ಹೆಚ್ಚಿದಂತೆ ಮೀನಿಗೆ ತಟ್ಟುವ ಅತಿಪ್ರಮಾಣ ಸುಮಾರು ಶೇ 10ರಷ್ಟು ಇಳಿಯುತ್ತದೆ. ಮೇಲ್ಮೈಯಲ್ಲಿ ಶೇ 120 ಇರುವ ನೀರು ಎರಡು ಮೀಟರ್ ಕೆಳಗೆ ಮೀನಿಗೆ ಬಹುತೇಕ ನಿರಪಾಯ. ಈಜಬಲ್ಲ ಮೀನು ಕೆಳಗಿಳಿದು ಪಾರಾಗುತ್ತದೆ. ಜಲ್ಲಿಯೊಳಗಿನ ಮರಿಗೆ ಆ ದಾರಿಯಿಲ್ಲ, ಅದರ ತಲೆಯ ಮೇಲೆ ಎಷ್ಟು ನೀರು ನಿಲ್ಲಬೇಕೆಂಬುದನ್ನು ಅಣೆಕಟ್ಟನ್ನು ನಡೆಸುವವರೇ ತೀರ್ಮಾನಿಸುತ್ತಾರೆ. ವಿದ್ಯುತ್ ಬೇಡಿಕೆ ತಗ್ಗಿ ಹರಿವು ಇಳಿದರೆ ಆ ರಕ್ಷಣೆಯೂ ಇಳಿಯುತ್ತದೆ.

ಈ ನದಿಯ ಚಮ್ ಸಾಲ್ಮನ್ 1999ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿದ ಬಳಿಕ ಸಂಶೋಧಕರು ಜಲ್ಲಿಯೊಳಗೇ ಅಳತೆಯ ಉಪಕರಣಗಳನ್ನು ಹೂತು ನೋಡಿದ್ದಾರೆ. ಅಲ್ಲಲ್ಲಿ ತಳದಿಂದ ಅಂತರ್ಜಲ ಒಸರುವುದರಿಂದ ಗೂಡಿನೊಳಗಿನ ನೀರು ಮೇಲೆ ಹರಿಯುವ ನೀರಿನಂತೆಯೇ ಇರಬೇಕೆಂದಿಲ್ಲ. ಗೂಡುಗಳ ಮೇಲೆ, ಆಳದ ಲೆಕ್ಕ ಕಳೆದ ಮೇಲೆ, ಶೇ 105ನ್ನು ಮೀರದಂತೆ ನೋಡಿಕೊಳ್ಳುವುದು ಈಗಿನ ಎಚ್ಚರಿಕೆ. ವಸಂತದ ನೀರು ಬಿಡುವುದು ಏಪ್ರಿಲ್ 10ರಿಂದ. ಕೊನೆಯಲ್ಲಿ ಇಟ್ಟ ಮೊಟ್ಟೆಗಳ ಮರಿಗಳು ಆಗಲೂ ಜಲ್ಲಿಯೊಳಗೇ ಇರಬಹುದು.