ವಿರೋಧ ಪಕ್ಷದ ಕರಪತ್ರ: ದುಡ್ಡು ಯಾವ ಖಾತೆಯದು?

ಇಂಗ್ಲೆಂಡಿನಲ್ಲಿ ಸ್ಥಳೀಯ ಚುನಾವಣೆ ಹತ್ತಿರವಾದರೆ ಬಾಗಿಲ ಕಿಂಡಿಯಿಂದ ಕರಪತ್ರಗಳು ಬೀಳತೊಡಗುತ್ತವೆ. ಅಧಿಕಾರದಲ್ಲಿ ಯಾರೇ ಇರಲಿ, ವಿರೋಧ ಪಕ್ಷದ ಪಟ್ಟಿ ಹೆಚ್ಚೂಕಡಿಮೆ ಒಂದೇ: ಇನ್ನಷ್ಟು ಕೌನ್ಸಿಲ್ ಮನೆ (ಸ್ಥಳೀಯ ಆಡಳಿತವಾದ ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆ), ಬೂಷ್ಟಿಲ್ಲದ ಗೋಡೆ, ಮುಚ್ಚದ ಗ್ರಂಥಾಲಯ, ಗುಂಡಿಯಿಲ್ಲದ ರಸ್ತೆ, ಏರದ ಕೌನ್ಸಿಲ್ ಟ್ಯಾಕ್ಸ್ (ಮನೆಮನೆಯವರೂ ಕೌನ್ಸಿಲಿಗೆ ಕಟ್ಟುವ ತೆರಿಗೆ). ಕೌನ್ಸಿಲ್ ವಸತಿಯ ಲೆಕ್ಕಪತ್ರ ನೋಡುವುದೇ ನನ್ನ ಕೆಲಸ. ಹಾಗಾಗಿ ಇಂಥ ಪಟ್ಟಿ ಓದುವಾಗ ಮೊದಲು ಹುಡುಕುವುದು, ಈ ದುಡ್ಡು ಯಾವ ಖಾತೆಯಿಂದ ಬರಬೇಕು ಎಂಬುದನ್ನು.

ಖಾತೆ ಎರಡಿವೆ. ಕೌನ್ಸಿಲ್ ಮನೆಗಳ ಬಾಡಿಗೆ ಹೌಸಿಂಗ್ ರೆವಿನ್ಯೂ ಅಕೌಂಟಿಗೆ ಹೋಗುತ್ತದೆ. ಆ ಮನೆಗಳ ರಿಪೇರಿ, ಹೊಸ ಮನೆ ಕಟ್ಟಲು ತಂದ ಸಾಲದ ಬಡ್ಡಿ ಅಲ್ಲಿಂದಲೇ. ಕೌನ್ಸಿಲ್ ಟ್ಯಾಕ್ಸು, ಸರ್ಕಾರದ ಅನುದಾನ ಸಾಮಾನ್ಯ ನಿಧಿಗೆ ಸೇರುತ್ತವೆ. ಗ್ರಂಥಾಲಯ, ಕಸ, ಉದ್ಯಾನ, ವೃದ್ಧರ ಆರೈಕೆ ಇದರ ಪಾಲು. ಎರಡರ ನಡುವೆ 1989ರ ಕಾನೂನು ಗೋಡೆ ಎಬ್ಬಿಸಿದೆ. ‘ನಾಯಕರ ಕಚೇರಿ ಖರ್ಚು ಕಡಿದು ಕೌನ್ಸಿಲ್ ಮನೆಗಳಿಗೆ ಹೊಸ ಕಿಟಕಿ’ ಎಂದು ಬರೆದವರು ಒಂದೋ ಆ ಕಾನೂನು ಓದಿಲ್ಲ, ಇಲ್ಲವೇ ನೀವು ಓದಿಲ್ಲವೆಂದು ನಂಬಿದ್ದಾರೆ. ತಮ್ಮ ಮನೆಗಳನ್ನೆಲ್ಲ ಹೌಸಿಂಗ್ ಅಸೋಸಿಯೇಷನ್ ಎಂಬ ಲಾಭರಹಿತ ವಸತಿ ಸಂಸ್ಥೆಗೆ ವಹಿಸಿಬಿಟ್ಟ ಕೌನ್ಸಿಲ್‌ಗಳೂ ಇವೆ. ಅಲ್ಲೂ ಕೌನ್ಸಿಲ್ ಮನೆ ರಿಪೇರಿಯ ಭರವಸೆ ಕೇಳಿಬಂದರೆ ನಗಬೇಕಷ್ಟೆ.

ಬಾಡಿಗೆ ಎಷ್ಟೆಂಬುದೂ ಪೂರ್ತಿ ಕೌನ್ಸಿಲಿನ ಕೈಯಲ್ಲಿಲ್ಲ. 2016ರಿಂದ ನಾಲ್ಕು ವರ್ಷ, ಪ್ರತಿವರ್ಷ ಶೇ 1ರಷ್ಟು ಇಳಿಸಿ ಎಂದು ಕೇಂದ್ರ ಸರ್ಕಾರ ಆಜ್ಞೆ ಮಾಡಿತು. ಬಾಡಿಗೆದಾರರಿಗೆ ಹಿತವೇ ಆಯಿತು. ಛಾವಣಿಗೆ, ಬಾಯ್ಲರಿಗೆ ಇರಬೇಕಾಗಿದ್ದ ದುಡ್ಡು ಅಷ್ಟು ಕರಗಿತು.

ವಿರೋಧ ಪಕ್ಷ ಗೆದ್ದ ಮೇಲೆ ಏನಾಗುತ್ತದೆಂದು ನೋಡಲು ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ಗಿಂತ ಒಳ್ಳೆಯ ಪಾಠವಿಲ್ಲ. ಲೇಬರ್ ಆಡಳಿತದಲ್ಲಿ ಕೌನ್ಸಿಲ್ ತನ್ನದೇ ‘ಬ್ರಿಕ್ ಬೈ ಬ್ರಿಕ್’ ಎಂಬ ವಸತಿ ಕಂಪನಿಗೆ ಹತ್ತಿರಹತ್ತಿರ 20 ಕೋಟಿ ಪೌಂಡ್ ಸಾಲ ಕೊಟ್ಟಿತು. ಕಂಪನಿಯಿಂದ ಬರಬೇಕಾದ ಬಡ್ಡಿ, ಲಾಭ ಬರಲಿಲ್ಲ. ಇನ್ನೂ ಬೇರೆ ಕಾರಣಗಳು ಸೇರಿ, 2020ರ ನವೆಂಬರಿನಲ್ಲಿ ಸೆಕ್ಷನ್ 114 ನೋಟಿಸ್ ಹೊರಟಿತು. ಅಂದರೆ, ಕಾನೂನು ಕಡ್ಡಾಯ ಮಾಡಿದ್ದನ್ನು ಬಿಟ್ಟು ಹೊಸ ಖರ್ಚು ಬಂದ್. ವಿರೋಧದಲ್ಲಿದ್ದ ಕನ್ಸರ್ವೇಟಿವ್ ಪಕ್ಷದವರು ಕಟುವಾಗಿಯೇ ಟೀಕಿಸಿದರು, ಟೀಕೆ ನ್ಯಾಯವೂ ಆಗಿತ್ತು. 2022ರಲ್ಲಿ ಅವರ ಜೇಸನ್ ಪೆರಿ ಮೇಯರ್ ಆದರು. ಅದೇ ನವೆಂಬರಿನಲ್ಲಿ ಮತ್ತೊಂದು ನೋಟಿಸ್; ಮರುವರ್ಷ ಕೌನ್ಸಿಲ್ ಟ್ಯಾಕ್ಸ್ ಶೇ 15ರಷ್ಟು ಏರಿತು. ಜನಮತ ಕೇಳದೆ ಏರಿಸಲು ಕ್ರಾಯ್ಡನ್‌ನಂಥ ಮಿಕ್ಕ ಬಹುತೇಕ ಕೌನ್ಸಿಲ್‌ಗಳಿಗಿದ್ದ ಮಿತಿ ಶೇ 5. ಆಡಳಿತ ಬದಲಾಯಿತು, ಸಾಲ ಅಲ್ಲೇ ಇತ್ತು.

ಕರಪತ್ರಗಳಲ್ಲಿ ಅಪರೂಪವಾಗಿ ಕಾಣುವ, ನನ್ನ ಪ್ರಕಾರ ಮೊದಲ ಸಾಲಿನಲ್ಲೇ ಇರಬೇಕಾದ ವಿಷಯ ತಾತ್ಕಾಲಿಕ ವಸತಿ. ಮನೆ ಕಳೆದುಕೊಂಡು ಬಂದ ಕುಟುಂಬಕ್ಕೆ ಕೌನ್ಸಿಲ್ ತಲೆಯ ಮೇಲೊಂದು ಸೂರು ಕೊಡಲೇಬೇಕು. ಖರ್ಚು ಬೀಳುವುದು ಸಾಮಾನ್ಯ ನಿಧಿಯ ಮೇಲೆ. ಕೇಂದ್ರ ಸರ್ಕಾರ ಇದಕ್ಕೆ ತುಂಬಿಕೊಡುವ ಮೊತ್ತವನ್ನು 2011ರ ಜನವರಿಯ ಸ್ಥಳೀಯ ಬಾಡಿಗೆ ದರಕ್ಕೆ ಕಟ್ಟಿಹಾಕಿದೆ, ಅದೂ ಬಹುಪಾಲು ಅದರ ಶೇ 90ಕ್ಕೆ. ಮನೆ ಸಿಗದಾಗ ಕುಟುಂಬವನ್ನು ಇರಿಸುವ ಹೋಟೆಲಿನವನು ಇಂದಿನ ದರ ಕೇಳುತ್ತಾನೆ. ನಡುವಿನ ವ್ಯತ್ಯಾಸವನ್ನು ತೆರುವುದು ನಿಮ್ಮ ಗ್ರಂಥಾಲಯ, ನಿಮ್ಮ ಉದ್ಯಾನ. ಇಂಗ್ಲೆಂಡಿನಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಹೀಗೆ ತಾತ್ಕಾಲಿಕ ವಸತಿಯಲ್ಲಿವೆ. ಕೌನ್ಸಿಲ್ ಮನೆ ಒಂದು ಹೆಚ್ಚಾದರೆ ಸಾಮಾನ್ಯ ನಿಧಿಗೆ ಉಸಿರು ಬರುವುದು ಈ ದಾರಿಯಿಂದ. ಎರಡು ಖಾತೆಗಳ ನಡುವಿನ ಈ ನಂಟು ಹಿಡಿದು ಮಾತಾಡುವ ಅಭ್ಯರ್ಥಿಗೆ ನಾನು ಕಿವಿ ಕೊಡುತ್ತೇನೆ, ಪಕ್ಷ ಯಾವುದೇ ಇರಲಿ.

ಬೂಷ್ಟಿನ ವಿಷಯ ಬೇರೆ. 2020ರಲ್ಲಿ ರಾಚ್‌ಡೇಲ್‌ನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಎಂಬ ಮಗು ಬೂಷ್ಟು ಹಿಡಿದ ಫ್ಲಾಟಿನಿಂದಾಗಿ ಸತ್ತಿತು. ಅವನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ: ಗಂಭೀರ ತೇವದ ದೂರಿಗೆ 10 ಕೆಲಸದ ದಿನಗಳಲ್ಲಿ ಪರಿಶೀಲನೆ, ತುರ್ತು ಅಪಾಯಕ್ಕೆ 24 ಗಂಟೆಯೊಳಗೆ ಕ್ರಮ. ಅಲ್ಲಿಗೆ ‘ಬೂಷ್ಟು ಸರಿಮಾಡುತ್ತೇವೆ’ ಎಂಬುದಕ್ಕೆ ಭರವಸೆಯ ಬೆಲೆಯಿಲ್ಲ. ಪರಿಶೀಲಕರನ್ನು, ರಿಪೇರಿಯವರನ್ನು ಎಷ್ಟು ಹೆಚ್ಚಿಸುತ್ತೀರಿ ಎಂದು ಕೇಳಿ.

ವಿರೋಧ ಪಕ್ಷದ ನಿಜವಾದ ಆದ್ಯತೆ ತಿಳಿಯಲು ಬಜೆಟ್ ಸಭೆಯ ನಡಾವಳಿ ಕರಪತ್ರಕ್ಕಿಂತ ವಾಸಿ. ಮನೆ, ಕಸದಂಥ ಸೇವೆ ನಡೆಸುವ ಕೌನ್ಸಿಲ್‌ಗಳು ಮಾರ್ಚ್ 11ರೊಳಗೆ ಟ್ಯಾಕ್ಸ್ ನಿಗದಿ ಮಾಡಬೇಕು. ಅದಕ್ಕೆ ಮುಂಚಿನ ಸಭೆಯಲ್ಲಿ ವಿರೋಧ ಪಕ್ಷ ತಿದ್ದುಪಡಿ ತರಬಹುದು. ತಂದರೆ ಲೆಕ್ಕ ಕೂಡಬೇಕು, ಹಣಕಾಸು ಅಧಿಕಾರಿ ಅದನ್ನು ನೋಡಿರುತ್ತಾರೆ. ತಿದ್ದುಪಡಿ ಸೋಲುವುದೇ ಹೆಚ್ಚು. ಆದರೂ ಏನನ್ನು ಕಡಿದು ಏನನ್ನು ಉಳಿಸಲು ಹೊರಟಿದ್ದರೆಂದು ಅಲ್ಲಿ ಕಾಣುತ್ತದೆ. 2014ರಿಂದ ಆ ಮತದಾನದಲ್ಲಿ ಯಾರು ಯಾವ ಕಡೆ ಎಂಬುದನ್ನು ಹೆಸರು ಸಮೇತ ದಾಖಲಿಸಬೇಕು. ಕೌನ್ಸಿಲಿನ ಜಾಲತಾಣದಲ್ಲಿ ಓದಬಹುದು.

ಇಲ್ಲಿರುವ ಕನ್ನಡಿಗರು ‘ವೀಸಾದವರಿಗೆ ಇದೆಲ್ಲ ಯಾಕೆ’ ಎನ್ನುವುದುಂಟು. ಕೆಲಸದ ವೀಸಾದಲ್ಲಿರುವವರಿಗೆ ಸಾಮಾನ್ಯವಾಗಿ ಕೌನ್ಸಿಲ್ ಮನೆ ಸಿಗುವುದಿಲ್ಲ, ನಿಜ. ಟ್ಯಾಕ್ಸ್ ಮಾತ್ರ ಕಟ್ಟುತ್ತಾರೆ. ಜೊತೆಗೆ, ಕಾಮನ್‌ವೆಲ್ತ್ ಪ್ರಜೆಗಳಾದ್ದರಿಂದ ಮತವೂ ಇದೆ. ಹೆಸರು ನೋಂದಣಿ ಮತದಾನಕ್ಕೆ 12 ಕೆಲಸದ ದಿನ ಮುಂಚೆ ಮುಗಿದಿರಬೇಕು. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕು.