ಗುಟ್ಟು ಕಾದವರು ಯಾರು? ವಿಕ್ಟೋರಿಯಾ ಕಾಲದ ಸರ್ವರೋಗ ಗುಳಿಗೆಗಳ ಕಥೆ

1909ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ 'ಸೀಕ್ರೆಟ್ ರೆಮಿಡೀಸ್' ಎಂಬ ಪುಸ್ತಕ ಹೊರತಂದಿತು. ಅಂಗಡಿಯಲ್ಲಿ ಸಿಗುವ ಹೆಸರುವಾಸಿ ಔಷಧಗಳನ್ನು ಕೊಂಡು ತಂದು, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಒಳಗೇನಿದೆ, ಅದಕ್ಕೆ ಎಷ್ಟು ಖರ್ಚು ಬೀಳುತ್ತದೆ ಎಂದು ಒಂದೊಂದಾಗಿ ಅಚ್ಚು ಹಾಕಿದ್ದರು. ಅದರಲ್ಲಿ ಬೀಚಮ್ ಗುಳಿಗೆಯ ಲೆಕ್ಕವೂ ಇತ್ತು. 56 ಗುಳಿಗೆಗಳ ಒಂದು ಡಬ್ಬಿಗೆ ಬೆಲೆ ಒಂದು ಶಿಲ್ಲಿಂಗ್ ಒಂದೂವರೆ ಪೆನ್ನಿ (ಆಗ ಒಂದು ಶಿಲ್ಲಿಂಗಿಗೆ 12 ಪೆನ್ನಿ). ಒಳಗಿದ್ದದ್ದು ಲೋಳೆಸರದ ಒಣಗಿದ ರಸ, ಶುಂಠಿ ಪುಡಿ, ಸೋಪು. ಹೌದು, ಕೈ ತೊಳೆಯುವ ಸೋಪೇ. ಈ ಸಾಮಾನಿಗೆಲ್ಲ ಸೇರಿ ಆಗುವ ಖರ್ಚು ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೇ ಒಂದು ಭಾಗ. ಮಾರಾಟದ ಬೆಲೆ ಅದರ ನೂರೆಂಟು ಪಟ್ಟು!

ಲೋಳೆಸರದ ರಸ ಭೇದಿ ಮಾಡಿಸುತ್ತದೆ. ಆ ಗುಳಿಗೆ ಮಾಡುತ್ತಿದ್ದದ್ದೂ ಅಷ್ಟೇ. ಆದರೆ ಜಾಹೀರಾತಿನ ಪಟ್ಟಿ ಬೇರೆಯೇ ಇತ್ತು. ಹೊಟ್ಟೆಯುಬ್ಬರ, ತಲೆನೋವು, ತಲೆಸುತ್ತು, ಏದುಸಿರು, ಚರ್ಮದ ಕಲೆ, ನಿದ್ದೆಗೇಡು, ಕೆಟ್ಟ ಕನಸು, ಎಲ್ಲಕ್ಕೂ ಇದೊಂದೇ ಮದ್ದು. 'ಒಂದು ಡಬ್ಬಿ ಒಂದು ಗಿನಿ ಬೆಲೆ ಬಾಳುತ್ತದೆ' ಎಂಬುದು ಅವರ ಘೋಷಣೆ. ಒಂದು ಗಿನಿ ಎಂದರೆ 21 ಶಿಲ್ಲಿಂಗ್.

ಇದನ್ನೆಲ್ಲ ಓದಿದಾಗ 'ಆ ಕಾಲದ ಜನ ಎಷ್ಟು ಮುಗ್ಧರು' ಅನ್ನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. ಆಗ ಡಾಕ್ಟರ ಬಳಿ ಹೋದರೆ ಏನು ಸಿಗುತ್ತಿತ್ತು? ಜಿಗಣೆ ಕಚ್ಚಿಸಿ ರಕ್ತ ತೆಗೆಯುತ್ತಿದ್ದರು. ಪಾದರಸದ ಪುಡಿ ಕೊಡುತ್ತಿದ್ದರು. ಚೀಟಿಯನ್ನು ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದರು, ರೋಗಿಗೆ ಅದೂ ಒಂದು ಗುಟ್ಟೇ. ಫೀಸು ಕೂಲಿಯವರ ಕೈಗೆ ಎಟುಕುತ್ತಿರಲಿಲ್ಲ. 1831–32ರಲ್ಲಿ ಕಾಲರಾ ಬಂದಾಗ, 1848–49ರಲ್ಲಿ ಮತ್ತೆ ಬಂದಾಗ, ದೊಡ್ಡ ಡಾಕ್ಟರುಗಳೂ ಕೈಚೆಲ್ಲಿ ಕೂತರು. ಅಂಥ ಹೊತ್ತಲ್ಲಿ ಯಾರೋ ಒಬ್ಬರು ಧೈರ್ಯವಾಗಿ 'ಇದರಿಂದ ವಾಸಿಯಾಗುತ್ತದೆ' ಎಂದರೆ ಜನ ನಂಬದೆ ಇನ್ನೇನು ಮಾಡಿಯಾರು?

ಹಾಗೆ ಹೇಳಿದ ಮೊದಲಿಗರಲ್ಲಿ ಜೇಮ್ಸ್ ಮಾರಿಸನ್ ಒಬ್ಬ. ಇವನು ಡಾಕ್ಟರಲ್ಲ, ವ್ಯಾಪಾರಿ. ಎಲ್ಲ ರೋಗಕ್ಕೂ ಮೂಲ ರಕ್ತ ಕೆಡುವುದೊಂದೇ, ರಕ್ತ ಶುದ್ಧಿಯಾದರೆ ಸಾಕು ಎಂಬುದು ಇವನ ವಾದ. ಈ ಮಾತು ನಮಗೂ ಚೆನ್ನಾಗಿ ಗೊತ್ತು ಅಲ್ವಾ? 1825ರಲ್ಲಿ ಗುಳಿಗೆ ಮಾರಲು ಶುರು ಮಾಡಿದ. 1828ರಲ್ಲಿ ಲಂಡನ್ನಿನಲ್ಲಿ 'ಬ್ರಿಟಿಷ್ ಕಾಲೇಜ್ ಆಫ್ ಹೆಲ್ತ್' ಎಂದು ಬೋರ್ಡು ಹಾಕಿಕೊಂಡ. ಹೆಸರಿಗೆ ಕಾಲೇಜು, ನಡೆಯುತ್ತಿದ್ದದ್ದು ಗುಳಿಗೆ ವ್ಯಾಪಾರ. ಗುಳಿಗೆಯಲ್ಲಿದ್ದದ್ದು ಜೋರಾದ ಭೇದಿ ಮದ್ದು. ಗುಣ ಕಾಣದಿದ್ದರೆ ಇನ್ನೂ ಜಾಸ್ತಿ ತಿನ್ನಿ ಎನ್ನುತ್ತಿದ್ದರು. ರಾಶಿ ರಾಶಿ ತಿಂದು ಕೆಲವರು ಸತ್ತೂಹೋದರು. 1836ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟು ಅಂಥ ಒಂದು ಸಾವಿನ ಕೇಸಿನಲ್ಲಿ ಗುಳಿಗೆ ಮಾರಿದವನನ್ನು ಅಪರಾಧಿ ಎಂದಿತು. ಮಾರಿಸನ್‌ಗೆ ಏನೂ ಆಗಲಿಲ್ಲ.

ಮುಂದಿನ ವರ್ಷವೇ, 1837ರಲ್ಲಿ, ಥಾಮಸ್ ಹಾಲೋವೇ ಎಂಬವನು ಮುಲಾಮು ಮಾರಲು ಹೊರಟ. ಗುಳಿಗೆ ಆಮೇಲೆ ಬಂತು. ಜಾಹೀರಾತಿಗೆ ಸುರಿದ ಹಣ ಕೈಕಚ್ಚಿ, ಸಾಲಗಾರರ ಜೈಲಿಗೂ ಹೋಗಿಬಂದ. ಆದರೂ ಜಾಹೀರಾತು ಬಿಡಲಿಲ್ಲ, ಇನ್ನೂ ಜಾಸ್ತಿ ಮಾಡಿದ. ಪ್ರಪಂಚದ ಮೂಲೆಮೂಲೆಯ ಪತ್ರಿಕೆಗಳಲ್ಲಿ ಅವನ ಹೆಸರು ಬಂತು. ಡಬ್ಬಿಯ ಜೊತೆಗಿನ ಸೂಚನೆ ಹತ್ತಾರು ಭಾಷೆಗಳಲ್ಲಿ ಅಚ್ಚಾಯಿತು. 1883ರಲ್ಲಿ ಸಾಯುವ ಹೊತ್ತಿಗೆ ಅವನು ಇಂಗ್ಲೆಂಡಿನ ದೊಡ್ಡ ಶ್ರೀಮಂತರಲ್ಲಿ ಒಬ್ಬ. ಆ ದುಡ್ಡಿನಲ್ಲೇ ಹೆಣ್ಣುಮಕ್ಕಳಿಗಾಗಿ ಒಂದು ಕಾಲೇಜು ಎದ್ದಿತು. 1886ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಅದನ್ನು ಉದ್ಘಾಟಿಸಿದಳು. ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿದ ರಾಯಲ್ ಹಾಲೋವೇ ಕಾಲೇಜು ಅದೇ.

ಇಷ್ಟು ವರ್ಷ ಇದೆಲ್ಲ ಹೇಗೆ ನಡೆಯಿತು ಎಂಬುದೇ ನಿಜವಾದ ಪ್ರಶ್ನೆ. ಇವಕ್ಕೆ 'ಪೇಟೆಂಟ್ ಔಷಧ' ಎಂಬ ಹೆಸರಿದ್ದರೂ ಹೆಚ್ಚಿನವರು ಪೇಟೆಂಟ್ ಮಾಡಿಸಿರಲಿಲ್ಲ. ಪೇಟೆಂಟ್ ಬೇಕೆಂದರೆ ಒಳಗೇನಿದೆ ಎಂದು ಬರೆದುಕೊಡಬೇಕು. ಅದೊಂದನ್ನು ಮಾತ್ರ ಅವರು ಹೇಳುವಂತಿರಲಿಲ್ಲ. ಶುಂಠಿ, ಸೋಪು ಎಂದು ಗೊತ್ತಾದರೆ ಯಾರು ತಾನೇ ಅಷ್ಟು ದುಡ್ಡು ಕೊಡುತ್ತಾರೆ? ವ್ಯಾಪಾರವೆಲ್ಲ ನಿಂತಿದ್ದದ್ದು ಆ ಗುಟ್ಟಿನ ಮೇಲೆ. ಗುಟ್ಟನ್ನು ಕಾಯಲು ಅವರಿಗೆ ಇಬ್ಬರು ದೊಡ್ಡ ಪಾಲುದಾರರಿದ್ದರು.

ಒಂದನೆಯದು ಸರ್ಕಾರ. 1783ರಿಂದಲೇ ಇಂಥ ಔಷಧಗಳ ಮೇಲೆ ಸ್ಟಾಂಪ್ ತೆರಿಗೆ ಇತ್ತು. ಒಂದು ಶಿಲ್ಲಿಂಗ್ ಡಬ್ಬಿಗೆ ಒಂದೂವರೆ ಪೆನ್ನಿ. ಮೇಲೆ ಹೇಳಿದ ಬೀಚಮ್ ಬೆಲೆಯ ಬಾಲದಲ್ಲಿದ್ದದ್ದು ಅದೇ ಒಂದೂವರೆ ಪೆನ್ನಿ. ಮುಚ್ಚಳದ ಮೇಲೆ ಸರ್ಕಾರದ ಸ್ಟಾಂಪು ಅಂಟಿಸಿರುತ್ತಿತ್ತು, ಅದನ್ನು ಹರಿದೇ ಡಬ್ಬಿ ತೆಗೆಯಬೇಕು. ಕೊಂಡವರು ಏನಂದುಕೊಳ್ಳುತ್ತಾರೆ? ಸರ್ಕಾರವೇ ಪಾಸು ಮಾಡಿದೆ ಅಂತ. ಕೊನೆಗೆ 'ಈ ಸ್ಟಾಂಪು ಸರ್ಕಾರದ ಖಾತರಿ ಅಲ್ಲ' ಎಂದು ಸ್ಟಾಂಪಿನ ಮೇಲೇ ಬರೆಯಬೇಕಾಯಿತು. ತೆರಿಗೆ ಮಾತ್ರ ನಿಲ್ಲಲಿಲ್ಲ.

ಎರಡನೆಯದು ಪತ್ರಿಕೆಗಳು. 1853ರಲ್ಲಿ ಜಾಹೀರಾತಿನ ಮೇಲಿನ ತೆರಿಗೆ ಹೋಯಿತು. 1855ರಲ್ಲಿ ಪತ್ರಿಕೆಗಳ ಮೇಲಿನ ಸ್ಟಾಂಪ್ ತೆರಿಗೆಯೂ ಹೋಯಿತು. ಪತ್ರಿಕೆ ಅಗ್ಗವಾಯಿತು, ಓದುವವರು ಜಾಸ್ತಿಯಾದರು, ಔಷಧದ ಜಾಹೀರಾತು ಪುಟ ತುಂಬಿತು. ಅನ್ನ ಹಾಕುವವರ ವಿರುದ್ಧ ಬರೆಯುವ ಸಂಪಾದಕರು ಎಷ್ಟು ಜನ? 'ಸೀಕ್ರೆಟ್ ರೆಮಿಡೀಸ್' ಬಂದಾಗ, ಅದರ ಜಾಹೀರಾತನ್ನೇ ಹಾಕುವುದಿಲ್ಲ ಎಂದ ಪತ್ರಿಕೆಗಳಿದ್ದವು.

ಸೋಪಿನ ಗುಳಿಗೆಯಿಂದ ಜೇಬು ಖಾಲಿಯಾಗುತ್ತಿತ್ತು, ಅಷ್ಟೇ. ಎಲ್ಲ ಔಷಧವೂ ಹಾಗಿರಲಿಲ್ಲ. ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಸಿಹಿ ದ್ರಾವಣ ಇತ್ತು. ಬೆಲ್ಲದ ಪಾಕದಂಥ ಟ್ರೀಕಲ್, ನೀರು, ಅಫೀಮು. ಮಗು ಅತ್ತರೆ ಒಂದು ಚಮಚ. ಮಿಲ್ಲಿಗೆ ಹೋಗುವ ತಾಯಿ ಮಗುವನ್ನು ಬೇರೆಯವರ ಮನೆಯಲ್ಲಿ ಬಿಡಬೇಕು. ಆ ಮನೆಯಾಕೆ ನಾಲ್ಕೈದು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳಬೇಕು. ಬಾಟಲಿ ಯಾವಾಗಲೂ ಕೈಗೆಟುಕುವಂತೆ ಇರುತ್ತಿತ್ತು. ಒಂದೊಂದು ಅಂಗಡಿಯವನು ಒಂದೊಂದು ಹದದಲ್ಲಿ ಕಲಸುತ್ತಿದ್ದ. ಅಫೀಮು ತಳದಲ್ಲಿ ಇಳಿದರೆ ಕೊನೆಯ ಚಮಚಗಳು ವಿಷದಷ್ಟು ಗಡುಸು. ಅದನ್ನು ಕುಡಿದ ಮಗು ಮಲಗುತ್ತದೆ, ಹಸಿವೆಂದು ಅಳುವುದೇ ಇಲ್ಲ, ದಿನದಿನಕ್ಕೆ ಸೊರಗುತ್ತದೆ. ಸತ್ತರೆ ದಾಖಲೆಯಲ್ಲಿ 'ನಿಶ್ಶಕ್ತಿ' ಎಂದೋ 'ಫಿಟ್ಸ್' ಎಂದೋ ಬರೆಯುತ್ತಿದ್ದರು. ಹೀಗಾಗಿ ಎಷ್ಟು ಮಕ್ಕಳು ಹೋದವೆಂಬ ಲೆಕ್ಕ ಯಾರ ಬಳಿಯೂ ಇಲ್ಲ. ಅಮೆರಿಕದಿಂದ ಬಂದ 'ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್'ನಲ್ಲಿ ಮಾರ್ಫೀನ್ ಇತ್ತು. ಹಲ್ಲು ಬರುವ ಮಕ್ಕಳಿಗೆ ಎಂದು ಅದನ್ನು ಮಾರುತ್ತಿದ್ದರು. ಜಾಹೀರಾತಿನಲ್ಲಿ ನಗುವ ತಾಯಿ, ಮುದ್ದು ಮಗು. ಇದನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

ಕಾನೂನು ಬರಲಿಲ್ಲವೆಂದಲ್ಲ. 1868ರ ಫಾರ್ಮಸಿ ಕಾಯ್ದೆ ಅಫೀಮು ಮಾರಾಟಕ್ಕೆ ಕಡಿವಾಣ ಹಾಕಿತು. ಆದರೆ ಪೇಟೆಂಟ್ ಔಷಧಗಳಿಗೆ ಅದರಲ್ಲಿ ವಿನಾಯಿತಿ ಕೊಟ್ಟರು! ಬಾಟಲಿಯ ಮೇಲೆ ಅಫೀಮು ಎಂದು ಬರೆದರೆ ನಿಯಮ, ಬೇರೆ ಹೆಸರು ಬರೆದರೆ ಆರಾಮು.

ಇದರ ಲಾಭ ಪಡೆದವುಗಳಲ್ಲಿ ಕ್ಲೋರೋಡೈನ್ ಕೂಡ ಒಂದು. ಇದು ಹುಟ್ಟಿದ್ದು ಭಾರತದಲ್ಲಿ. ಇಲ್ಲಿ ಸೈನ್ಯದ ಡಾಕ್ಟರಾಗಿದ್ದ ಜಾನ್ ಕಾಲಿಸ್ ಬ್ರೌನ್ 1848ರಲ್ಲಿ ಕಾಲರಾಗೆಂದು ಇದನ್ನು ತಯಾರಿಸಿದ. ಅಫೀಮು, ಗಾಂಜಾದ ಸಾರ, ಕ್ಲೋರೋಫಾರ್ಮ್ ಸೇರಿದ ಮಿಶ್ರಣ. ಇದು ಸುಮ್ನೆ ಮೋಸದ ಔಷಧವಲ್ಲ, ಅಫೀಮು ಭೇದಿಯನ್ನೂ ನೋವನ್ನೂ ನಿಜಕ್ಕೂ ತಡೆಯುತ್ತದೆ. ತೊಂದರೆ ಏನೆಂದರೆ ಬಿಡಲಾಗದ ಚಟವನ್ನೂ ಹಿಡಿಸುತ್ತದೆ. ಬೇರೆಯವರು ಇದನ್ನು ನಕಲು ಮಾಡಿದಾಗ ಬ್ರೌನ್ ಕಡೆಯವರು ಕೋರ್ಟಿಗೆ ಹೋದರು. ಇದನ್ನು ಕಂಡುಹಿಡಿದವನು ಬ್ರೌನೇ ಎಂದು 1864ರಲ್ಲಿ ನ್ಯಾಯಾಧೀಶರು ಹೇಳಿದರು. ಆ ಮಾತು ಮುಂದೆ ದಶಕಗಳ ಕಾಲ ಜಾಹೀರಾತಿನಲ್ಲಿ ಓಡಿತು.

ಕೋರ್ಟು ಎಂದಮೇಲೆ ಲೂಯಿಸಾ ಕಾರ್ಲಿಲ್ ಅವರನ್ನು ಮರೆಯುವಂತಿಲ್ಲ. ನಮ್ಮಲ್ಲಿ ಲಾ ಓದಿದ ಯಾರನ್ನು ಕೇಳಿದರೂ ಈ ಕೇಸು ಹೇಳುತ್ತಾರೆ, ಕರಾರು ಕಾನೂನಿನ ಮೊದಲ ಪಾಠಗಳಲ್ಲೇ ಬರುತ್ತದೆ. 1889–90ರಿಂದ ಯುರೋಪಿನಲ್ಲಿ ಇನ್‌ಫ್ಲುಯೆಂಜಾ ಹಬ್ಬಿತ್ತು. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಕಂಪನಿ ಒಂದು ರಬ್ಬರ್ ಚೆಂಡು ಮಾರುತ್ತಿತ್ತು. ಚೆಂಡಿಗೊಂದು ಕೊಳವೆ, ಒಳಗೆ ಕಾರ್ಬಾಲಿಕ್ ಆಮ್ಲ ಬೆರೆಸಿದ ಪುಡಿ. ಕೊಳವೆಯನ್ನು ಮೂಗಿಗೆ ಹಿಡಿದು ಚೆಂಡು ಒತ್ತಿದರೆ ಪುಡಿ ಹೊಗೆಯಂತೆ ಮೂಗಿಗೇರುತ್ತದೆ. ಬೆಲೆ 10 ಶಿಲ್ಲಿಂಗ್. ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ, ಅದಕ್ಕಾಗಿ ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಎಂದು 1891ರ ನವೆಂಬರಿನಲ್ಲಿ ಜಾಹೀರಾತು ಬಂತು. ಕಾರ್ಲಿಲ್ ಚೆಂಡು ಕೊಂಡರು, ಹೇಳಿದ ಹಾಗೇ ಬಳಸಿದರು. ಜನವರಿಯಲ್ಲಿ ಜ್ವರ ಬಂತು. ದುಡ್ಡು ಕೇಳಿದರು. ಕಂಪನಿ 'ಅದು ಸುಮ್ಮನೆ ಜಾಹೀರಾತಿನ ಮಾತು' ಎಂದಿತು. 1892ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ಬ್ಯಾಂಕಿನಲ್ಲಿ ಹಣ ಇಟ್ಟಿದ್ದೇವೆ ಎಂದವರು ಮಾತಿಗೆ ಬದ್ಧರು, ಕೊಡಿ 100 ಪೌಂಡ್ ಎಂದಿತು.

ನನಗೆ ತುಂಬ ಇಷ್ಟವಾದ ತೀರ್ಪು ಇದು. ಆದರೂ ಒಂದು ಕೊರತೆ ಕಾಣುತ್ತದೆ. ಆ ಚೆಂಡು ರೋಗ ತಡೆಯುತ್ತದೆಯೇ ಎಂದು ಕೋರ್ಟು ತೀರ್ಮಾನಿಸಬೇಕಾದ ಪ್ರಮೇಯವೇ ಬರಲಿಲ್ಲ. ದುಡ್ಡಿನ ಭರವಸೆ ಕೊಡದೆ ಬರೀ ಸುಳ್ಳು ಹೇಳಿದ್ದರೆ ಕಂಪನಿ ಪಾರಾಗುತ್ತಿತ್ತು.

ಮುಂದೆ ಮೊದಲು ದಾರಿ ತೋರಿಸಿದ್ದು ಅಮೆರಿಕ. 1905ರಲ್ಲಿ ಕಾಲಿಯರ್ಸ್ ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಬರೆದ ಲೇಖನಮಾಲೆ ಈ ವ್ಯಾಪಾರದ ಒಳಗನ್ನು ಬಯಲಿಗೆಳೆಯಿತು. ತಮ್ಮ ವಿರುದ್ಧ ಕಾನೂನು ಬಂದರೆ ಜಾಹೀರಾತಿನ ಒಪ್ಪಂದ ರದ್ದು ಎಂಬ ಷರತ್ತನ್ನು ಔಷಧ ಕಂಪನಿಗಳು ಪತ್ರಿಕೆಗಳಿಂದ ಬರೆಸಿಕೊಳ್ಳುತ್ತಿದ್ದದ್ದೂ ಅದರಲ್ಲಿತ್ತು. 1906ರಲ್ಲಿ ಕಾಯ್ದೆ ಬಂತು, ಅಫೀಮು, ಮಾರ್ಫೀನ್, ಮದ್ಯ ಇದ್ದರೆ ಲೇಬಲ್ಲಿನಲ್ಲಿ ಬರೆಯಲೇಬೇಕಾಯಿತು. ಬ್ರಿಟನ್ನಿನಲ್ಲಿ ಸಂಸದೀಯ ಸಮಿತಿ 1912ರಿಂದ ವಿಚಾರಣೆ ನಡೆಸಿ ಕಟುವಾದ ವರದಿ ಕೊಟ್ಟಿತು. ಅದು ಪ್ರಕಟವಾದ ದಿನ 1914ರ ಆಗಸ್ಟ್ 4. ಅದೇ ದಿನ ಬ್ರಿಟನ್ ಮಹಾಯುದ್ಧಕ್ಕೆ ಇಳಿಯಿತು, ವರದಿ ಮೂಲೆ ಸೇರಿತು. ಒಳಗೇನಿದೆ ಎಂದು ಡಬ್ಬಿಯ ಮೇಲೆ ಬರೆಯಬೇಕೆಂಬ ನಿಯಮ ಬಂದದ್ದು, ಸ್ಟಾಂಪ್ ತೆರಿಗೆ ಹೋದದ್ದು 1941ರಲ್ಲಿ.

ಅಷ್ಟರಲ್ಲಿ ಬೀಚಮ್ ಕಂಪನಿ ಬೇರೆ ದಾರಿ ಹಿಡಿದಿತ್ತು. ನಮ್ಮ ಅಡುಗೆಮನೆಯ ಈನೋವನ್ನು 1938ರಲ್ಲಿ ಕೊಂಡಿತು. ಆಮೇಲೆ ಸಂಶೋಧನೆಗೆ ದುಡ್ಡು ಹಾಕಿ ಆಂಪಿಸಿಲಿನ್, ಅಮಾಕ್ಸಿಸಿಲಿನ್‌ಗಳನ್ನು ತಂದಿತು. ಲಕ್ಷಾಂತರ ಜೀವ ಉಳಿಸಿದ ನಿಜವಾದ ಔಷಧಗಳಿವು.

ಬ್ರಿಟನ್ನಿನ ಗುಳಿಗೆ, ಬಾಟಲಿಗಳೆಲ್ಲ ಭಾರತದ ಮಾರುಕಟ್ಟೆಗೂ ಬರುತ್ತಿದ್ದವು. 1930ರಲ್ಲಿ ರಾಮ್‌ನಾಥ್ ಚೋಪ್ರಾ ನೇತೃತ್ವದ ಸಮಿತಿ ಇಲ್ಲಿನ ಔಷಧ ವ್ಯಾಪಾರವನ್ನು ಪರಿಶೀಲಿಸಿತು, 1940ರಲ್ಲಿ ಔಷಧ ಕಾಯ್ದೆ ಬಂತು. ಜಾಹೀರಾತಿಗೆಂದೇ ಪ್ರತ್ಯೇಕ ಕಾಯ್ದೆ ಬಂದದ್ದು 1954ರಲ್ಲಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ತೊನ್ನು, ಕಿಡ್ನಿ ಕಲ್ಲು, ಬೊಜ್ಜು, ಬಿ.ಪಿ., ಕುಳ್ಳಗಿರುವುದು, ಹೀಗೆ 54 ವಿಷಯಗಳ ಪಟ್ಟಿ ಅದರಲ್ಲಿದೆ. ಇವನ್ನು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು ಅಪರಾಧ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲಾಗಬಹುದು. ಕಾಯ್ದೆ ಹಿಡಿಯುವುದು ಔಷಧ ಮಾಡಿದವನನ್ನು ಮಾತ್ರವಲ್ಲ. ಆ ಜಾಹೀರಾತನ್ನು ಅಚ್ಚು ಹಾಕುವುದರಲ್ಲಿ ಪಾಲುಗೊಂಡವರೂ ಅದರಡಿ ಬರುತ್ತಾರೆ.